ಕೆಳಗಿನ ಹೊಲದ ಹಸಿರು

ನಮ್ಮ ಊರಲ್ಲಿ ಊರ ಕೆಲಸಕ್ಕೆ ಸಂಬಳವಿಲ್ಲ. ಪಾಳಿ ಬಂದಾಗ ಮಾಡಬೇಕು, ಅಷ್ಟೆ. ಒಬ್ಬರಿಗೆ ಕೊಳಾಯಿಯ ಉಸ್ತುವಾರಿ, ಒಬ್ಬರಿಗೆ ಇಗರ್ಜಿಯ ಗಂಟೆ, ಮತ್ತೊಬ್ಬರಿಗೆ ಶಾಲೆಯ ಬೀಗದ ಕೈ. ಆ ವರ್ಷ ನನ್ನ ಪಾಲಿಗೆ ಬಂದದ್ದು ಹೊಲಗಳ ಪಂಚಾಯಿತಿಕೆ. ಎಲ್ಲೆಗಲ್ಲು ಸರಿದರೆ, ಮೇಕೆ ಪೈರಿಗೆ ನುಗ್ಗಿದರೆ, ಎತ್ತು ಬದು ಕೆಡವಿದರೆ ಜನ ನನ್ನ ಬಾಗಿಲು ಬಡಿಯುತ್ತಿದ್ದರು. ನನ್ನ ಮುಸುಕಿನ ಜೋಳದ ಕಳೆ ಕೀಳುವುದನ್ನು ಬಿಟ್ಟು ಅವರ ಜಗಳ ನೋಡಲು ಓಡಬೇಕಾಗುತ್ತಿತ್ತು. ಹೆಂಡತಿ ಸೆನೈದಾ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದಳು.

ಆಗಸ್ಟ್ ತಿಂಗಳು, ಜೋಳ ಸೂಲಂಗಿ ಬಿಡುವ ಕಾಲ. ಒಂದು ಬೆಳಿಗ್ಗೆ, ಊರಿಗೆಲ್ಲ ಮಾವನಾದ ಅಬುಂದಿಯೊ ಮಾವ ಬಂದರು. ಅರವತ್ತು ದಾಟಿದ ಗಾರೆ ಕೆಲಸದವರು, ಸುಣ್ಣಕ್ಕೆ ಬೆರಳುಗಳೆಲ್ಲ ಒಡೆದಿದ್ದವು. ಸೆನೈದಾ ಕೊಟ್ಟ ಜೋಳದ ಗಂಜಿಯನ್ನು ನಿಂತೇ ಕುಡಿದರು.

"ಕಳ್ಳತನದ ದೂರು ಕೊಡಬೇಕು ಎಲಿಹಿಯೊ."

"ಏನು ಕಳುವಾಯ್ತು ಮಾವ?"

"ಗೊಬ್ಬರ."

"ಮೂಟೆ ಹೊತ್ಕೊಂಡು ಹೋದ್ರಾ?"

"ಮೂಟೆ ಅಲ್ಲಪ್ಪ. ಹೊಲಕ್ಕೆ ಹಾಕಿದ್ನಲ್ಲ, ಅದು."

ಹೆಂಚಿನ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದ ಸೆನೈದಾ ತಿರುಗಿ ನೋಡಿದಳು. "ಹಾಕಿದ ಗೊಬ್ಬರಾನ ಹೆಂಗೆ ಕದೀತಾರೆ ಮಾವ? ಮಣ್ಣೆಲ್ಲ ಜರಡಿ ಹಿಡಿದಾ?"

"ಅದನ್ನ ಕಂಡುಹಿಡೀಲಿ ಅಂತಾನೇ ಅಲ್ವೇನಮ್ಮ ಊರವರು ನಿನ್ನ ಗಂಡನ್ನ ಕೂರಿಸಿರೋದು?"

ಕದ್ದವರು ಯಾರೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಬಿಡದಿರುವುದಕ್ಕೆ ಕಾರಣವೂ ಇತ್ತು. ಮಾವನ ಹೊಲದ ಕೆಳಗಿರುವುದು ವಿಧವೆ ಫಿದೆನ್ಸಿಯಾ ಅತ್ತೆಯ ಹೊಲ. ಅತ್ತೆಯ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ನಿಂತವರು ಇದೇ ಮಾವ. ಹಾಗೆ ನಿಂತ ಮೇಲೆ ಆ ಮನೆಗೂ ಈ ಮನೆಗೂ ರಕ್ತ ಸಂಬಂಧಕ್ಕಿಂತ ಹೆಚ್ಚಿನ ಗಂಟು. ಅತ್ತೆ ಮಾವನನ್ನು 'ಕೊಂಪಾದ್ರೆ' ಅನ್ನಬೇಕು, ಮಾವ ಅತ್ತೆಯನ್ನು 'ಕೊಮಾದ್ರೆ' ಅನ್ನಬೇಕು, ಸಾಯುವವರೆಗೆ ಬಹುವಚನದಲ್ಲೇ ಮಾತಾಡಬೇಕು. ಅಂಥವರ ಮೇಲೆ ಕಳ್ಳತನದ ದೂರು ಅಂದರೆ ಊರೇ ಮೂಗಿನ ಮೇಲೆ ಬೆರಳಿಡುತ್ತದೆ.

ನಾನೂ ಮಾವನೂ ಬೆಟ್ಟ ಹತ್ತಿ ಹೋಗಿ ನೋಡಿದೆವು. ದೂರದಿಂದಲೇ ಕಾಣುತ್ತಿತ್ತು. ಇಳಿಜಾರಿನಲ್ಲಿದ್ದ ಮಾವನ ಜೋಳ ಎದೆಯೆತ್ತರಕ್ಕೆ ನಿಂತುಬಿಟ್ಟಿತ್ತು. ಬುಡದ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗಿ ಒಣಗುತ್ತಾ ಬಂದಿದ್ದವು. ಕೆಳಗೆ, ತಗ್ಗಿನ ಅಂಚಿಗೆ ಕಲ್ಲುಗೋಡೆ ಕಟ್ಟಿದ ಸಮತಟ್ಟಿನಲ್ಲಿ ಅತ್ತೆಯ ಜೋಳ ಆಳೆತ್ತರ ಮೀರಿ ಕಪ್ಪುಹಸಿರಾಗಿ ನಿಂತಿತ್ತು. ಸಂದಿಯಲ್ಲಿ ಬೀನ್ಸ್ ಬಳ್ಳಿ, ಕುಂಬಳದ ಎಲೆ. ಮಾವ ವರ್ಷಾ ವರ್ಷ ಗೊಬ್ಬರ ಕೊಳ್ಳುವವರು. ಅತ್ತೆ ಒಂದು ಹಿಡಿ ಕೂಡ ಕೊಂಡವರಲ್ಲ.

ಅತ್ತೆಯ ಹಸಿರಿಗೆ ಊರಲ್ಲಿ ಕಾರಣಗಳಿಗೇನೂ ಕಡಿಮೆ ಇರಲಿಲ್ಲ. ತೀರಿಹೋದ ಗಂಡ ಬಂದು ಕಳೆ ಕಿತ್ತು ಹೋಗುತ್ತಾನೆ ಅನ್ನುವವರಿದ್ದರು. ಅವರ ತವರಿನ ಬೀಜವೇ ಹಾಗೆ ಅನ್ನುವವರೂ ಇದ್ದರು. ಹೆಚ್ಚಿನವರು ಹೇಳುತ್ತಿದ್ದದ್ದು ಕೈಗುಣ. ಬಿತ್ತನೆ ಹತ್ತಿರ ಬಂತೆಂದರೆ ಹೆಂಗಸರು ಮೊಟ್ಟೆಯೋ ಮೆಣಸಿನಕಾಯಿಯೋ ಮಡಿಲಲ್ಲಿಟ್ಟುಕೊಂಡು ಹೋಗಿ ಅವರ ಕೈಯಿಂದ ನಾಲ್ಕು ತೆನೆ ಬೀಜ ಬೇಡಿ ತರುತ್ತಿದ್ದರು. ಸೆನೈದಾಳೂ ತಂದಿದ್ದಳು. ನಮ್ಮ ಹೊಲದಲ್ಲಿ ಅದು ಉಳಿದ ಜೋಳದ ಹಾಗೆಯೇ ಬಂತು. "ಬೀಜ ಕೊಟ್ರು, ಕೈ ಕೊಡ್ಲಿಲ್ವಲ್ಲ" ಎಂದು ಸೆನೈದಾ ಸಮಾಧಾನ ಮಾಡಿಕೊಂಡಿದ್ದಳು.

ಅತ್ತೆ ಕುಂಬಳದ ಹೂ ಕೊಯ್ಯುತ್ತಿದ್ದರು. ನಾನು ಬಂದ ಕಾರಣವನ್ನು ಸುತ್ತಿ ಬಳಸಿ ಹೇಳುವಷ್ಟರಲ್ಲಿ ಅವರೇ ಅರ್ಥ ಮಾಡಿಕೊಂಡರು.

"ಕೊಂಪಾದ್ರೆ, ನಿಮ್ಮ ಗೊಬ್ಬರ ನನ್ನ ಹತ್ರ ಇದೆಯಂತೆ. ಹುಡುಕ್ಕೊಂಡು ತಗೊಂಡು ಹೋಗಿ. ಇಗೋ ಮನೆ ಬೀಗದ ಕೈ. ಹಿತ್ತಲಲ್ಲಿ ಮೇಕೆ ಇದೆ, ಹಾಯುತ್ತೆ, ಜೋಪಾನ."

"ಮನೇಲಿ ಇದೆ ಅಂತ ನಾನು ಹೇಳ್ಲಿಲ್ಲ ಕೊಮಾದ್ರೆ. ನಿಮ್ಮ ಜೋಳದೊಳಗೆ ಇದೆ."

"ಹಂಗಾದ್ರೆ ತೆನೆ ಬಲೀಲಿ. ಕಾಳು ಬಿಡಿಸಿ, ಒಳಗಿಂದ ಗೊಬ್ಬರ ಹೆಕ್ಕಿ ತಗೊಳ್ಳಿ. ದಿಂಡು ಮಾತ್ರ ನನಗೆ ಬಿಡಿ, ಒಲೆಗೆ ಬೇಕು."

ನನಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅತ್ತೆಯ ಹೊಲದ ಪಡುವಣ ಮೂಲೆಯಲ್ಲಿ ಒಂದಷ್ಟು ಜೋಳ ಮಾವನ ಜೋಳದ ಹಾಗೆಯೇ ಬಿಳಿಚಿಕೊಂಡಿತ್ತು. ಅದೇ ಬೀಜ, ಅದೇ ಕೈ, ಅದೇ ದಿನದ ಬಿತ್ತನೆ. ಏಕೆ ಎಂದು ನೋಡುತ್ತಾ ನಿಂತಿದ್ದಾಗ ಮಧ್ಯಾಹ್ನದ ಮಳೆ ಹಿಡಿಯಿತು. ಮೂವರೂ ಓಕ್ ಮರದ ಕೆಳಗೆ ಸೇರಿಕೊಂಡೆವು. ಮಾವನ ಇಳಿಜಾರಿನಿಂದ ಕೆಂಪುನೀರು ಸಾಲುಸಾಲಾಗಿ ಇಳಿದು ಬಂದು ಅತ್ತೆಯ ಹೊಲದಲ್ಲಿ ಹರಡಿಕೊಂಡಿತು. ಆ ಪಡುವಣ ಮೂಲೆಯ ಮೇಲ್ಗಡೆ ಮಾತ್ರ ಒಂದು ಹಾಸುಬಂಡೆ ಅಡ್ಡವಿತ್ತು. ನೀರು ಅದನ್ನು ಬಳಸಿ ಆಚೆ ಹಳ್ಳಕ್ಕೆ ಹೋಗುತ್ತಿತ್ತು.

"ಮಾವ, ಗೊಬ್ಬರ ಹೆಂಗೆ ಹಾಕ್ತೀರಿ ನೀವು?"

"ಬಿತ್ತನೆ ಆದ್ಮೇಲೆ ಎರಚ್ತೀನಿ. ಎಲ್ಲಾನೂ ಒಂದೇ ಸಲ."

"ಮಣ್ಣು ಮುಚ್ಚಲ್ವಾ?"

"ಸಾಲಿಗೆ ಸಾಲೂ ಬಗ್ಗಿ ಮುಚ್ಚೋಕೆ ನನ್ನ ಸೊಂಟ ನೋಡಿದ್ದೀಯಾ?"

ಅತ್ತೆ ಮಳೆಯನ್ನೇ ನೋಡುತ್ತಿದ್ದರು.

ದೂರು ಊರ ಸಭೆಗೆ ಹೋಯಿತು. ಮಾವ ಎದ್ದು ನಿಂತು, ನನ್ನ ದುಡಿಮೆಯ ಗೊಬ್ಬರ ಹರಿದು ಹೋಗಿ ಅವರ ಕಣಜ ತುಂಬಿಸುತ್ತಿದೆ, ಬೆಳೆಯಲ್ಲಿ ಪಾಲು ಕೊಡಿಸಿ ಎಂದರು. ಹೌದಲ್ಲವೇ ಎಂದು ಕೆಲವರು ತಲೆಯಾಡಿಸಿದರು. ಆಮೇಲೆ ಅತ್ತೆ ಎದ್ದರು.

"ನನ್ನ ಹೊಲದ ಗೋಡೆ ಕಟ್ಟಿದ್ದು ಯಾರು? ನನ್ನ ಗಂಡನೂ ಅಲ್ಲ, ಅವನ ಅಜ್ಜನೂ ಅಲ್ಲ. ಇಗರ್ಜಿ ಬರೋಕೆ ಮುಂಚಿನ ಜನ. ಯಾಕೆ ಕಟ್ಟಿದ್ರು? ಬೆಟ್ಟದಿಂದ ಜಾರೋ ಮಣ್ಣನ್ನ ಹಿಡಿಯೋಕೆ. ಅಲ್ಲಿ ಮೊದಲು ಹೊಲಾನೇ ಇರ್ಲಿಲ್ಲ, ಬರೀ ಕೊರಕಲು. ನನ್ನ ಹೊಲ ಪೂರ್ತಿ ಬಂದಿರೋದೇ ಮೇಲಿಂದ. ಕೊಂಪಾದ್ರೆ ಗೊಬ್ಬರದಲ್ಲಿ ಪಾಲು ಕೇಳ್ತಾರೆ. ನಾಳೆ ಮಣ್ಣಲ್ಲಿ ಕೇಳ್ತಾರೆ. ನಾಡಿದ್ದು ಮಳೇಲಿ ಕೇಳ್ತಾರೆ."

ಊರ ಹಿರಿಯ ನಿಸೆಫೊರೊ ನನ್ನ ಕಡೆ ತಿರುಗಿದರು. "ನೀನೇನಂತೀಯ ಎಲಿಹಿಯೊ?"

ಗೊಬ್ಬರ ನಿಜಕ್ಕೂ ಹರಿದು ಹೋಗುತ್ತಿದೆಯೋ ಇಲ್ಲವೋ ನಮಗೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ತೀರ್ಪು ಹೇಳುವುದು ಹೇಗೆ ಎಂದೆ. ಒಂದು ಬೆಳೆಗಾಲ ಕಾದು ನೋಡೋಣ ಎಂದೆ. ನನ್ನ ಪಾಳಿ ಮುಗಿದರೂ ಈ ಕೆಲಸ ಮಾತ್ರ ನನ್ನ ತಲೆಗೇ ಇರಲಿ ಎಂದು ಸಭೆ ಕಟ್ಟಿಹಾಕಿತು. ಸೆನೈದಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಚಳಿಗಾಲದಲ್ಲಿ ನಾನು ಪೇಟೆಯ ಕೃಷಿ ಕಚೇರಿಗೆ ಹೋದೆ. ಅಲ್ಲಿದ್ದ ತರುಣಿ ನಾನು ಹೇಳಿದ್ದನ್ನೆಲ್ಲ ಬಲು ಆಸಕ್ತಿಯಿಂದ ಕೇಳಿಕೊಂಡಳು. ಯೂರಿಯಾದ ಬಿಳಿ ಕಾಳು ನೀರಿಗೆ ಬಿದ್ದರೆ ಕರಗಿ ನೀರಿನ ದಾರಿ ಹಿಡಿಯುತ್ತದೆ. ಮೇಲೆಯೇ ಬಿದ್ದಿದ್ದರೆ ಬಿಸಿಲಿಗೆ ಅರ್ಧ ಗಾಳಿಗೂ ಹೋಗುತ್ತದೆ. ಡಿಎಪಿಯ ಕಪ್ಪು ಕಾಳಿನ ಸತ್ವದಲ್ಲಿ ಬೇರಿಗೆ ಬೇಕಾದ ಭಾಗ ಮಣ್ಣನ್ನು ಕಚ್ಚಿಕೊಳ್ಳುತ್ತದೆ, ಮಣ್ಣು ಜಾರಿದರೆ ಅದರ ಜೊತೆ ತಾನೂ ಜಾರುತ್ತದೆ. "ದಿನದ ಊಟಾನೆಲ್ಲ ಬೆಳಿಗ್ಗೇನೇ ತಟ್ಟೆಗೆ ಸುರಿದ್ರೆ ಹೆಂಗೆ? ಎಳೆಯದಿದ್ದಾಗ ಸ್ವಲ್ಪ, ಮಂಡಿಯೆತ್ತರ ಆದಾಗ ಉಳಿದದ್ದು" ಎಂದಳು. ಹರಿದದ್ದೋ ಇಲ್ಲವೋ ತಿಳಿಯಲು ಪಟ್ಟೆ ಬಿಡಿ ಅಂದವಳೂ ಅವಳೇ. ಫಲಿತಾಂಶ ನನಗೂ ಹೇಳಿ, ಮರೀಬೇಡಿ ಅಂದಳು.

ಮೇ ತಿಂಗಳ ಕೊನೆಗೆ ಮಳೆ ಬಿತ್ತು. ಮಾವನ ಹೊಲವನ್ನು ಮೇಲಿನಿಂದ ಕೆಳಗೆ ಮೂರು ಪಟ್ಟೆ ಮಾಡಿ ಗೂಟ ನೆಟ್ಟೆವು. ಮೊದಲನೆಯದರಲ್ಲಿ ಮಾವ ಎಂದಿನಂತೆ ಎರಚುವುದು. ನಡುವಿನದರಲ್ಲಿ ಅಷ್ಟೇ ಗೊಬ್ಬರವನ್ನು ಎರಡು ಕಂತಿನಲ್ಲಿ, ಗಿಡದ ಪಕ್ಕ ಗುಳಿ ಮಾಡಿ ಹೂತು ಮಣ್ಣು ಮುಚ್ಚುವುದು. ಆ ಕೆಲಸಕ್ಕೆ ಮಾವನ ಸೊಂಟದ ಬದಲು ನನ್ನ ಸೊಂಟ. ಮೂರನೆಯದಕ್ಕೆ ಏನೂ ಇಲ್ಲ. ಅತ್ತೆ ಎಂದಿನಂತೆ ಬಿತ್ತುವುದು, ಎಂದಿನಂತೆ ಮೇಕೆಗೊಬ್ಬರ ಕೂಡ ಮನೆ ಹತ್ತಿರದ ಮೆಣಸಿನ ಗಿಡಕ್ಕೇ ಹಾಕುವುದು.

ಮೊದಲಿಗೇ ಎಡವಟ್ಟಾಯಿತು. ಹೂಳಬೇಕು ಅಂದರೆ ಬೀಜದ ಜೊತೆಗೇ ಹೂಳಬೇಕು ಎಂದು ನಾನು ತಿಳಿದಿದ್ದೆ. ನಡುಪಟ್ಟೆಯ ಮೊದಲ ಸಾಲುಗಳಲ್ಲಿ ಬಿಳಿ ಕಾಳನ್ನು ಬೀಜದ ಮೈಗೇ ತಾಗಿಸಿ ಇಟ್ಟಿದ್ದೆ. ಬಂದ ಒಂದೊಂದು ಮೊಳಕೆಯೂ ತುದಿ ಸುಟ್ಟು ಮುದುಡಿಕೊಂಡಿತು. ಉಳಿದವು ಬರಲೇ ಇಲ್ಲ.

ಕೆಳಗಿನಿಂದ ಅತ್ತೆಯ ದನಿ ಬಂತು. "ಏನು ಎಲಿಹಿಯೊ, ಹಸುಗೂಸಿಗೆ ಹಸಿಮೆಣಸಿನಕಾಯಿ ತಿನ್ನಿಸಿದ್ಯಾ?"

ಮತ್ತೆ ಬಿತ್ತಿದೆ. ಈ ಸಲ ಬೀಜದಿಂದ ಒಂದು ಗೇಣು ದೂರದಲ್ಲಿ ಗುಳಿ.

ಜುಲೈನಲ್ಲಿ ಬುಡಕ್ಕೆ ಮಣ್ಣೇರಿಸುವ ಹೊತ್ತಿಗೆ ನಡುಪಟ್ಟೆಗೆ ಎರಡನೆಯ ಕಂತು ಕೊಟ್ಟೆ. ಆಮೇಲೆ ಒಂದು ಹತ್ತು ಹನ್ನೆರಡು ದಿನ ಏನೂ ಕಾಣಲಿಲ್ಲ. ನಾನು ಬೆಳಗಾದರೆ ಎದುರು ದಿಣ್ಣೆ ಹತ್ತಿ ನಿಂತು ಎರಡೂ ಹೊಲ ನೋಡುತ್ತಿದ್ದೆ. ಒಂದು ದಿನ ಕಂಡಿತು. ಮಾವನ ನಡುಪಟ್ಟೆ ಕಡುಹಸಿರು, ಅಕ್ಕಪಕ್ಕದ್ದು ಮಾಸಲು. ಕೆಳಗೆ ಅತ್ತೆಯ ಹೊಲದಲ್ಲಿ ಅದೇ ಪಟ್ಟೆಗಳು ತಿರುವು ಮುರುವಾಗಿದ್ದವು: ಎರಚಿದ ಪಟ್ಟೆಯ ಕೆಳಗೆ ಎಂದಿನ ಕಪ್ಪುಹಸಿರು, ಹೂತ ಪಟ್ಟೆಯ ಕೆಳಗೂ ಏನೂ ಹಾಕದ ಪಟ್ಟೆಯ ಕೆಳಗೂ ತಿಳಿಹಸಿರು. ಯಾರೋ ಬಟ್ಟೆಯನ್ನು ಮಡಿಸಿ ಅರ್ಧ ಬಣ್ಣಕ್ಕೆ ಅದ್ದಿ ತೆಗೆದ ಹಾಗಿತ್ತು. ನಾನು ನಿಂತಲ್ಲೇ ನಿಂತೆ. ನಮ್ಮ ಬೆಟ್ಟದಲ್ಲಿ ನೀರು ಹೀಗೆಯೇ ಹರಿಯುತ್ತದೆ ಎಂದು ನನಗೆ ಗೊತ್ತಿತ್ತು, ಆದರೆ ಅದು ಹೊತ್ತು ತಂದದ್ದನ್ನು ಕಣ್ಣಾರೆ ಕಂಡದ್ದು ಆಗಲೇ.

ಸುದ್ದಿ ಹಬ್ಬಿತು. ಇಗರ್ಜಿಯಿಂದ ಬರುವವರು, ಎತ್ತು ಮೇಯಿಸುವವರು, ಹಿಟ್ಟಿನ ಗಿರಣಿಗೆ ಹೋಗುವ ಹೆಂಗಸರು ಎಲ್ಲರೂ ದಿಣ್ಣೆಯ ಮೇಲೆ ಒಂದು ಗಳಿಗೆ ನಿಲ್ಲತೊಡಗಿದರು. ಪುಲ್ಕೆ ಮಾರುವ ಮುದುಕಿ ತನ್ನ ಕತ್ತಾಳೆ ಕಳ್ಳಿನ ಕೊಡವನ್ನು ಅಲ್ಲಿಗೇ ತಂದಿಟ್ಟುಕೊಂಡಳು. ಮಾವನಂತೂ ಮದುಮಗನ ಹಾಗೆ ಓಡಾಡುತ್ತಿದ್ದರು.

"ನೋಡಿದ್ಯಾ ಎಲಿಹಿಯೊ? ಕಳ್ಳತನ ರುಜುವಾತಾಯ್ತೋ ಇಲ್ವೋ?"

"ನೀರು ಕದ್ದಿದೆ ಮಾವ. ನೀರನ್ನ ಸಭೆಗೆ ಕರೀಲಾ?"

ಅತ್ತೆಯನ್ನು ನೋಡಲು ನಾನು ಕೆಳಗಿಳಿದು ಹೋದೆ. ನಡುಪಟ್ಟೆಯ ಕೆಳಗಿನ ತಿಳಿಹಸಿರಿನ ನಡುವೆ ಅವರು ಒಂದು ಹಳದಿ ಎಲೆ ಹಿಡಿದು ಕೂತಿದ್ದರು. ಎಂದಿನ ಕುಚೋದ್ಯ ಇರಲಿಲ್ಲ.

"ನಿಜ ಹೇಳು. ಇಷ್ಟು ವರ್ಷ ನನ್ನ ಕೈ ಕೈ ಅಂತ ಊರೆಲ್ಲ ಹೇಳ್ತಲ್ಲ. ಅದು ಇದೇನಾ? ಕೊಂಪಾದ್ರೆಯ ಎರಚಾಟನಾ?"

"ಎಲ್ಲಾ ಅದೇ ಅಂತ ಹೇಳೋಕಾಗಲ್ಲ ಅತ್ತೆ" ಎಂದೆ.

"ನನ್ನ ಗಂಡ ಸಾಯೋವಾಗ ಹೇಳಿದ್ದ, ನಿನ್ನ ಕೈ ಇರೋವರೆಗೂ ಹೊಲ ಬಿಡ್ಬೇಡ ಅಂತ. ನಾನೂ ನಂಬಿದ್ದೆ. ಬೀಜ ಕೊಡೋವಾಗ ಒಂದೊಂದು ಸಲ ಜಂಬಾನೂ ಪಟ್ಟಿದ್ದೀನಿ."

ಅವರು ಎಲೆಯನ್ನು ಮಡಚಿ ಶಾಲಿನ ಅಂಚಿಗೆ ಸಿಕ್ಕಿಸಿಕೊಂಡು ಕಳೆ ಕೀಳತೊಡಗಿದರು. ನಾನೂ ಪಕ್ಕದ ಸಾಲಲ್ಲಿ ಕೂತು ಕಿತ್ತೆ. ನಾನೇ ಹೂಡಿದ ಪರೀಕ್ಷೆ ಇದು. ಯಾರದೋ ಮನೆಯ ಗೋಡೆ ಸರಿಯಾಗಿದೆಯೇ ನೋಡಲು ಹೋಗಿ ಕಲ್ಲೊಂದನ್ನು ಕಿತ್ತಂತಾಗಿತ್ತು. ಆದರೂ ಬಿಟ್ಟುಬಿಡೋಣ ಅನ್ನಿಸಲಿಲ್ಲ. ಮೂರನೆಯ ಪಟ್ಟೆ ಏನು ಹೇಳುತ್ತದೋ ಎಂಬ ಕುತೂಹಲ ಒಳಗೊಳಗೇ ಕೊರೆಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಎಳೆ ತೆನೆ ಸುಟ್ಟು ತಿನ್ನುವ ಹೊತ್ತಿಗೆ ಮಾವನ ನಡುಪಟ್ಟೆ ವಿಪರೀತ ಬೆಳೆದಿತ್ತು. ಅತ್ತೆಯ ಜೋಳವನ್ನೂ ಮೀರಿಸಿತ್ತು. ಎಲೆಗಳು ಮೇಕೆಯ ಕಿವಿಯ ಹಾಗೆ ಜೋತಾಡುತ್ತಿದ್ದವು. ತೆನೆ ಮಾತ್ರ ತಡ. ಪಕ್ಕದ ಪಟ್ಟೆಯಲ್ಲಿ ಕಾಳು ಹಾಲುಗಟ್ಟಿದ್ದಾಗ ಇಲ್ಲಿನ್ನೂ ತುದಿಯ ರೇಷ್ಮೆ ಎಳೆ ಹಸಿಯಾಗಿತ್ತು. ನಾನು ಕೊಟ್ಟ ಗೊಬ್ಬರಕ್ಕೆ ಇಷ್ಟು ಆಗಬಾರದಲ್ಲ ಎಂದು ಅನುಮಾನ ಬಂತು. ಕೇಳಿದರೆ ಮಾವ ಆಕಾಶ ನೋಡಿದರು.

ತಿಂಗಳ ಕೊನೆಗೆ ಸಮುದ್ರದ ಕಡೆಯಿಂದ ಬಿರುಗಾಳಿ ಬಂತು. ಮರುದಿನ ಹೋಗಿ ನೋಡಿದರೆ ಎರಚಿದ ಪಟ್ಟೆ ನಿಂತಿತ್ತು, ಏನೂ ಹಾಕದ ಪಟ್ಟೆ ನಿಂತಿತ್ತು, ಕೆಳಗೆ ಅತ್ತೆಯದೂ ಬಹುಪಾಲು ನಿಂತಿತ್ತು. ನಡುಪಟ್ಟೆಯ ಅರ್ಧಕ್ಕರ್ಧ ಚಾಪೆ ಹಾಸಿದಂತೆ ಮಲಗಿತ್ತು. ಮಾವ ಅದರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು.

"ಎಷ್ಟು ಹಾಕಿದ್ರಿ ಮಾವ?"

"ಎಲ್ಲಿ?"

"ಇಲ್ಲೇ. ನಾನು ಹೂತ ಮೇಲೆ."

ಅವರು ಒಂದು ದಂಟನ್ನು ಎತ್ತಿ ನಿಲ್ಲಿಸಿ ನೋಡಿದರು. ಬುಡದಲ್ಲಿ ಮೆತ್ತಗಾಗಿ ಮುರಿದಿತ್ತು, ಮತ್ತೆ ಬಿತ್ತು. "ಎರಡು ಸಲ. ಮಳೆ ನಿಂತಿದ್ದಾಗ. ನೀನು ಕೊಟ್ಟದ್ದಕ್ಕೇ ಇಷ್ಟು ಚೆನ್ನಾಗಿ ಬಂತಲ್ಲ, ಇನ್ನಷ್ಟು ಕೊಟ್ರೆ ಇನ್ನೆಷ್ಟು ಬರಬಹುದು ಅಂತ. ದಿಣ್ಣೆ ಮೇಲೆ ನಿಂತು ಎಲ್ಲಾ ನೋಡ್ತಿದ್ರಲ್ಲ ಎಲಿಹಿಯೊ."

"ಸೊಂಟ?"

"ಆಗ ನೋಯ್ಲಿಲ್ಲ. ಈಗ ನೋಯ್ತಾ ಇದೆ."

ಕೆಳಗಿನ ಹೊಲದಿಂದ ಅತ್ತೆ ಹತ್ತಿ ಬಂದರು. ಇದು ಅಣಕಿಸುವ ಗಳಿಗೆ, ಮಾವ ತಲೆ ತಗ್ಗಿಸಿ ಕಾಯುತ್ತಿದ್ದರು. ಅತ್ತೆ ಬಿದ್ದ ಜೋಳವನ್ನು ಸುತ್ತಲೂ ನೋಡಿ, "ಮೂರು ಮೂರು ದಂಟು ಸೇರಿಸಿ ಕಟ್ಟಿ ಕೊಂಪಾದ್ರೆ. ಪೂರ್ತಿ ಮುರೀದೇ ಇರೋದಾದ್ರೂ ಉಳಿಯುತ್ತೆ. ನೆಲಕ್ಕೆ ಬಿದ್ದ ತೆನೆ ಬೂಷ್ಟು ಹಿಡಿಯುತ್ತೆ" ಎಂದರು. ಆಮೇಲೆ ಮನೆಗೆ ಹೋಗಿ ಕತ್ತಾಳೆ ನಾರು ತಂದರು. ಮೂವರೂ ಸಂಜೆಯವರೆಗೆ ಕಟ್ಟಿದೆವು.

ಸತ್ತವರ ಹಬ್ಬ ಕಳೆದು ನವೆಂಬರ್ ಕೊನೆಗೆ ಕೊಯ್ಲಾಯಿತು. ಆರು ಪಟ್ಟೆಯ ತೆನೆಗಳನ್ನು ಬೇರೆ ಬೇರೆ ರಾಶಿ ಮಾಡಿ ಊರ ಚಾವಡಿಯ ಮುಂದೆ ಹಾಕಿದೆವು. ಮಾವನ ಎರಚಿದ ಪಟ್ಟೆಯದು ಸಣ್ಣ ರಾಶಿ. ನಡುಪಟ್ಟೆಯದು ಬಿರುಗಾಳಿಯಲ್ಲಿ ಅಷ್ಟು ಹೋಗಿಯೂ ಅದಕ್ಕಿಂತ ದೊಡ್ಡದು, ಆದರೆ ಊರು ಎಣಿಸಿದ್ದಷ್ಟೇನಲ್ಲ. ನಿಂತೇ ಇದ್ದ ಕಡೆಯ ತೆನೆಗಳು ತುದಿಯವರೆಗೂ ಕಾಳು ತುಂಬಿ ಭಾರವಾಗಿದ್ದವು. ಮಲಗಿದ ಕಡೆಯವು ಜೊಳ್ಳು. ಏನೂ ಹಾಕದ ಪಟ್ಟೆಯದು ಕೋಳಿಗೆ ಹಾಕುವಂಥ ಬೆರಳುದ್ದದ ತೆನೆಗಳು, ತುದಿಯೆಲ್ಲ ಬೋಳು.

ಅತ್ತೆಯ ರಾಶಿಗಳಲ್ಲಿ ಎರಚಿದ ಪಟ್ಟೆಯ ಕೆಳಗಿನದು ಎಲ್ಲಕ್ಕಿಂತ ದೊಡ್ಡದು. ಜನ ಅದನ್ನು ನೋಡಿ ಮಾವನನ್ನು ನೋಡಿ ನಕ್ಕರು. ಅತ್ತೆ ಮಾತ್ರ ನೇರವಾಗಿ ಮೂರನೆಯ ರಾಶಿಗೆ ಹೋದರು. ಅಲ್ಲಿ ಮೇಲಿನಿಂದ ಯಾವ ಗೊಬ್ಬರವೂ ಹರಿದು ಬಂದಿರಲಿಲ್ಲ. ಕೂತು ತೆನೆಯ ಮುಸುಕು ಬಿಡಿಸತೊಡಗಿದರು. ದೊಡ್ಡ ತೆನೆಗಳಲ್ಲ. ಆದರೆ ಮಾವನ ಅದೇ ಪಟ್ಟೆಯ ತೆನೆಗಿಂತ ದುಪ್ಪಟ್ಟು ಉದ್ದ, ಸಾಲು ನೆಟ್ಟಗೆ, ಕಾಳು ಬಿಗಿ. ಒಂದನ್ನು ಕೈಯಲ್ಲಿ ತೂಗಿ ನನ್ನ ಕಡೆ ಚಾಚಿದರು.

"ಇಷ್ಟು ನಂದು ಅಲ್ವಾ?"

"ನಿಮ್ಮದೇ ಅತ್ತೆ. ಗೋಡೆ ಹಿಡಿದ ಮಣ್ಣು, ಬೀನ್ಸ್ ಬಳ್ಳಿ, ನಿಮ್ಮ ಬೀಜ, ಕಳೆ ಕಿತ್ತದ್ದು. ಇದರಲ್ಲಿ ಯಾವುದು ಎಷ್ಟು ಅಂತ ನನಗೆ ಗೊತ್ತಿಲ್ಲ."

"ಗೊತ್ತಾಗಬೇಕಲ್ಲ" ಎಂದರು.

ಪಾಲಿನ ಮಾತು ಏನಾಯಿತು ಎಂದು ನಿಸೆಫೊರೊ ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡು, ಪಾಲು ಬೇಡ, ಆ ಮೂರನೆ ರಾಶಿಯ ನಾಲ್ಕು ತೆನೆ ಬೀಜಕ್ಕೆ ಕೊಟ್ಟರೆ ಸಾಕು, ಹಸಿವಲ್ಲೂ ಕಾಳು ಕಟ್ಟಿದ್ದು ಅದೊಂದೇ ಎಂದರು. ಅತ್ತೆ ತೆನೆ ಆರಿಸಿ ಕೊಟ್ಟರು. ಕೊಡುವಾಗ ಮಾವನ ಮುಖ ನೋಡಲಿಲ್ಲ, ಆದರೆ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿ, ಚೂರು ಊನವಿದ್ದದ್ದನ್ನು ಬದಿಗಿಟ್ಟು ಕೊಟ್ಟರು.

ದೂರಿಗೆ ತೀರ್ಪು ಆಗಲೇ ಇಲ್ಲ. ಮಾವ ಈಗ ಎರಚುವುದಿಲ್ಲ. ಉದ್ದ ಕೋಲಿಗೆ ತಗಡಿನ ಕೊಳವೆ ಕಟ್ಟಿ, ನಿಂತುಕೊಂಡೇ ಗುಳಿಗೆ ಗೊಬ್ಬರ ಇಳಿಸುತ್ತಾರೆ, ಎರಡು ಕಂತಿನಲ್ಲಿ, ಅಳತೆಯಲ್ಲಿ. ಬೆಳೆ ಚೆನ್ನಾಗಿದೆ, ಗಾಳಿಗೂ ನಿಲ್ಲುತ್ತದೆ. ಅತ್ತೆಯ ಹೊಲ ಮೊದಲಿನಷ್ಟು ಕಪ್ಪಗಿಲ್ಲ. ಮೊದಲ ವರ್ಷ ಅವರ ಕಣಜ ಸಾಲದೆ, ಹಬ್ಬದ ರೊಟ್ಟಿಗೆ ಕೊಂಡ ಜೋಳ ಬಳಸಬೇಕಾಯಿತು. ಅದನ್ನು ಅವರು ಸಲೀಸಾಗಿ ನುಂಗಿಕೊಳ್ಳಲಿಲ್ಲ. ಆಮೇಲೆ ಮೇಕೆಗೊಬ್ಬರವನ್ನು ಹೊಲಕ್ಕೆ ತಂದರು. ಆದರೆ ಎಲ್ಲ ಕಡೆ ಹಾಕದೆ, ಒಂದು ಪಟ್ಟೆಗೆ ಮೇಕೆಗೊಬ್ಬರ, ಒಂದಕ್ಕೆ ಬರೀ ಬೀನ್ಸ್, ಒಂದಕ್ಕೆ ಅರ್ಧ ಚೀಲ ಯೂರಿಯಾ ಎಂದು ಗೂಟ ನೆಟ್ಟುಕೊಂಡರು. ಮೇಲಿಂದ ಬೆರೆಯದಿರಲಿ ಎಂದು ಮಾವನ ಕೈಯಲ್ಲೇ ಎಲ್ಲೆಯ ಗುಂಟ ಒಂದು ಕಾಲುವೆ ತೋಡಿಸಿದರು.

"ಕೊಮಾದ್ರೆ, ನಾನು ದೂರು ಕೊಟ್ಟಾಗ ಇಷ್ಟು ಕೆಲಸ ಬೀಳುತ್ತೆ ಅಂತ ಗೊತ್ತಿದ್ರೆ ಸುಮ್ಮನಿರ್ತಿದ್ದೆ."

"ಮಾತಾಡ್ಬೇಡಿ, ಅಗೀರಿ. ಅಲ್ಲಿ ಇನ್ನೂ ಆಳ ಬೇಕು."

ಮೊನ್ನೆ ಭಾನುವಾರ ಇಬ್ಬರೂ ಒಟ್ಟಿಗೆ ನಮ್ಮ ಮನೆಗೆ ಬಂದರು. ಅತ್ತೆಯ ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ, ಮಾವನ ಹೊಲದ ಒಂದು ಎಳೆಯ ಜೋಳದ ಎಲೆ. ಈ ಸಲ ಹಳದಿಯಲ್ಲ. ಹಸಿರು ಎಲೆಯ ಮೇಲೆ ಬುಡದ ಕಡೆಯಿಂದ ನಡುನರದ ಎರಡೂ ಬದಿಗೆ ಅಗಲವಾದ ಬಿಳಿ ಗೆರೆಗಳು, ಸುಣ್ಣದ ಕುಂಚ ಎಳೆದ ಹಾಗೆ. ಹೆಚ್ಚು ಡಿಎಪಿ ಹಾಕಿದ ಸಾಲಲ್ಲೇ ಇದು ಬಂದಿದೆ ಅನ್ನುತ್ತಾರೆ ಮಾವ. ಅಲ್ಲ, ಸುಣ್ಣಕಲ್ಲಿನ ನೆಲ ಇರುವಲ್ಲಿ ಬಂದಿದೆ ಅನ್ನುತ್ತಾರೆ ಅತ್ತೆ. ಅಂಗಳದಲ್ಲಿ ನಿಂತು ಅರ್ಧ ಗಂಟೆ ವಾದ ಮಾಡಿದರು. ನನಗೆ ಎರಡೂ ನಿಜವಿರಬಹುದು ಅನ್ನಿಸಿತು. ಸೆನೈದಾ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಇದಕ್ಕೇನು ಹಸಿವೋ ಎಂದಳು.

ನಾಳೆ ಮೊದಲ ಬಸ್ಸಿಗೆ ಪೇಟೆಗೆ ಹೋಗುತ್ತೇನೆ. ಪಟ್ಟೆ ಬಿಡಿ ಅಂದ ಆ ಹುಡುಗಿ ಇನ್ನೂ ಅದೇ ಕೃಷಿ ಕಚೇರಿಯಲ್ಲಿದ್ದಾಳಂತೆ. ಎಲೆ ಬಾಡದಿರಲಿ ಎಂದು ಸೆನೈದಾ ಈಗಷ್ಟೇ ಬಟ್ಟೆಗೆ ಮತ್ತೆ ನೀರು ಚಿಮುಕಿಸಿದಳು.